ದೇವಳಾಲಿಯ ತಾಪ

ಇಂಗ್ಲೆಂಡಿನ ಹಿರಿಯರ ಬಾಯಲ್ಲಿ ಈಗಲೂ ಆಗೀಗ ಕೇಳಿಬರುವ, ನಮ್ಮ ಶಾಲೆಯ ಇಂಗ್ಲಿಷ್ ಪಾಠಗಳಲ್ಲಿ ಮಾತ್ರ ಎಂದೂ ಎದುರಾಗದ ಒಂದು ಆಡುಮಾತಿದೆ: ಡೂಲ್ಯಾಲಿ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯಿಡೀ ಹುಡುಕಾಡುವ ಅಜ್ಜ ಸ್ವಲ್ಪ ಡೂಲ್ಯಾಲಿ. ಹೊರಗೆ ಮಳೆ, ಒಳಗೆ ಮಕ್ಕಳ ಗಲಾಟೆ, ಇನ್ನೊಂದು ದಿನ ಹೀಗೇ ಆದರೆ ನಾನು ಡೂಲ್ಯಾಲಿ ಆಗಿಬಿಡ್ತೀನಿ ಎನ್ನುತ್ತಾಳೆ ಅಲ್ಲಿನ ತಾಯಿ. ಹುಚ್ಚು ಎಂದರೆ ತೂಕ ಜಾಸ್ತಿಯಾಯಿತು. ನಮ್ಮಲ್ಲೂ ಇಂಥದಕ್ಕೆ ಪದಗಳ ಬಡತನವಿಲ್ಲ. ಐಲು, ತಿಕ್ಕಲು, ಅರೆಮರುಳು, ಪೇಟೆ ಹುಡುಗರ ಸ್ಕ್ರೂ ಲೂಸು, ವಯಸ್ಸಾದವರಿಗೆಂದೇ ಮೀಸಲಾದ ಅರವತ್ತರ ಅರಳುಮರಳು. ಐಲಿಗೂ ಅರಳುಮರಳಿಗೂ ನಡುವೆ ಎಲ್ಲೋ ಡೂಲ್ಯಾಲಿಯ ಜಾಗ. ಸಲಿಗೆ ಇದ್ದಲ್ಲೇ ಅದರ ಬಳಕೆ ಹೆಚ್ಚು.

ಈ ಪದದ ಹುಟ್ಟೂರು ನಮ್ಮ ನೆರೆರಾಜ್ಯದಲ್ಲಿದೆ ಎಂಬುದೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಮುಂಬಯಿಯಿಂದ ನಾಸಿಕಕ್ಕೆ ಹೊರಟ ರೈಲು ಕಸಾರಾ ಘಾಟು ಹತ್ತಿ, ಇಗತ್ಪುರಿ ದಾಟಿ, ನಾಸಿಕ ರೋಡ್ ಮುಟ್ಟುವ ಸ್ವಲ್ಪ ಮುಂಚೆ ಒಂದು ಸಣ್ಣ ನಿಲ್ದಾಣ ಬರುತ್ತದೆ. ಮರಾಠಿಯವರ ನಾಲಿಗೆಯಲ್ಲಿ ಅದು ದೇವಳಾಲಿ. ಆ 'ಳ' ನಮಗೆ ನೀರು ಕುಡಿದಷ್ಟು ಸಲೀಸು, ಇಂಗ್ಲಿಷರ ಬಾಯಿಗೆ ದಕ್ಕದ ಅಕ್ಷರ. ದೇವಳಾಲಿ ಅವರ ಕಾಗದಪತ್ರಗಳಲ್ಲಿ ದೇವಲಾಲಿಯಾಯಿತು, ಸಿಪಾಯಿಗಳ ಬಾಯಲ್ಲಿ ಸವೆದು ಡೂಲ್ಯಾಲಿಯಾಯಿತು.

1861ರಲ್ಲಿ ಅಲ್ಲಿ ಬ್ರಿಟಿಷ್ ಸೇನೆಯ ಶಿಬಿರವೊಂದು ಶುರುವಾಯಿತು. ಹಡಗಿನಿಂದ ಇಳಿದು ಬಂದವರು ಅಲ್ಲಿ ತಂಗಿ ತಮ್ಮ ತಮ್ಮ ಪಲ್ಟಣಗಳಿಗೆ ಹೋಗಬೇಕು, ಸೇವೆಯ ಅವಧಿ ಮುಗಿಸಿದವರು ಅಲ್ಲಿ ಬಂದು ಊರಿಗೆ ಹೋಗುವ ಹಡಗಿಗೆ ಕಾಯಬೇಕು. ಬಂದಿಳಿದವರಿಗೆ ಅದೊಂದು ದಾರಿಯ ತಂಗುದಾಣ, ಅಷ್ಟೆ. ಹೊರಡುವವರ ಕಥೆ ಬೇರೆ. ಸೈನಿಕರನ್ನು ಹೊರುವ ಹಡಗುಗಳು ವರ್ಷವಿಡೀ ಓಡುತ್ತಿರಲಿಲ್ಲ. ಬೇಸಿಗೆಯ ಧಗೆ, ಮುಂಗಾರಿನ ಕಡಲು ಎರಡನ್ನೂ ತಪ್ಪಿಸಿ ಹೆಚ್ಚುಕಡಿಮೆ ಚಳಿಗಾಲದ ತಿಂಗಳುಗಳಲ್ಲಷ್ಟೇ ಅವುಗಳ ಸಂಚಾರ. ಕೊನೆಯ ಹಡಗು ಹೋದಮೇಲೆ ಅವಧಿ ಮುಗಿದವನಿಗೆ ಮುಂದಿನ ಹಡಗು ಮಳೆಗಾಲ ಕಳೆದ ಮೇಲೆಯೇ.

ಆ ಸಿಪಾಯಿಯ ಸ್ಥಿತಿಯನ್ನು ಒಂದು ಕ್ಷಣ ಯೋಚಿಸಿ. ವರ್ಷಗಟ್ಟಲೆ ಯಾವುದೋ ದಂಡಿನಲ್ಲಿ ಕಹಳೆ ಕೂಗಿದಾಗ ಎದ್ದು, ಕಹಳೆ ಕೂಗಿದಾಗ ಮಲಗಿದವನು. ಈಗ ಅವನ ಕೆಲಸ ಮುಗಿದಿದೆ, ಆದರೆ ಬಿಡುಗಡೆ ಆಗಿಲ್ಲ. ಆಗೊಮ್ಮೆ ಈಗೊಮ್ಮೆ ಪಹರೆ ಬಿಟ್ಟರೆ ಮಾಡಲು ಏನೂ ಇಲ್ಲ. ಮನೆ ಸಾವಿರಾರು ಮೈಲಿ ಆಚೆ. ಬಿಸಿಲು, ನೊಣ, ಮಲೇರಿಯಾ, ಕೈಗೆಟಕುವ ಸೆರೆ. ವೇಲ್ಸಿನ ಗಣಿ ಕಾರ್ಮಿಕನಾಗಿದ್ದು ಸೇನೆ ಸೇರಿ, ಕಳೆದ ಶತಮಾನದ ಆರಂಭದಲ್ಲಿ ಭಾರತದಲ್ಲಿ ಸಿಪಾಯಿಯಾಗಿದ್ದ ಫ್ರ್ಯಾಂಕ್ ರಿಚರ್ಡ್ಸ್ 1936ರಲ್ಲಿ ಪ್ರಕಟವಾದ ತನ್ನ 'ಓಲ್ಡ್ ಸೋಲ್ಜರ್ ಸಾಹಿಬ್' ಪುಸ್ತಕದಲ್ಲಿ ಈ ಕಾಯುವಿಕೆಯ ಬಗ್ಗೆ ಬರೆದಿದ್ದಾನೆ. ಸೇವೆಯುದ್ದಕ್ಕೂ ಒಳ್ಳೆಯ ಹೆಸರು ಉಳಿಸಿಕೊಂಡವರೇ ಅಲ್ಲಿ ಎಡವಟ್ಟು ಮಾಡಿಕೊಂಡು ಸೆರೆಮನೆ ಕಂಡರಂತೆ. ಪದ ಹುಟ್ಟಿದ್ದೂ ಆ ಬೇಸರದಿಂದಲೇ ಇರಬೇಕೆಂದು ಅವನ ಅಂದಾಜು. ಅಧಿಕಾರಿಗಳ ವರದಿಗಿಂತ ಈ ಮಾಮೂಲಿ ಸಿಪಾಯಿಯ ಮಾತಿನ ಮೇಲೆ ನನಗೆ ಹೆಚ್ಚು ನಂಬಿಕೆ. ಅವನು ಅಂಥವರ ನಡುವೆಯೇ ಬಾಳಿದವನು.

ಮೊದಲು ಈ ಮಾತಿಗೆ ಒಂದು ಬಾಲವಿತ್ತು: ಡೂಲ್ಯಾಲಿ ಟ್ಯಾಪ್. ಆ 'ಟ್ಯಾಪ್' ಇಂಗ್ಲಿಷಿನದಲ್ಲ, ಹಿಂದೂಸ್ತಾನಿಯ 'ತಪ್', ಅಂದರೆ ಜ್ವರ. ನಮ್ಮ 'ತಾಪ'ದ ಹತ್ತಿರದ ನೆಂಟ. ಮೈ ಬಿಸಿಗೂ ತಾಪ, ಬಿಸಿಲಿಗೂ ತಾಪ, ಒಳಗಿನ ಬೇಗುದಿಗೂ ತಾಪ ಎನ್ನುವ ನಮಗೆ ದೇವಳಾಲಿಯ ತಾಪವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಬ್ರಿಟನ್ನಿಗೆ ಹೋದಮೇಲೆ ಬಾಲ ನಿಧಾನವಾಗಿ ಉದುರಿತು, ಊರಿನ ಹೆಸರಷ್ಟೇ ಉಳಿಯಿತು.

ಸಿಪಾಯಿಗಳು ಹೊತ್ತೊಯ್ದದ್ದು ಇದೊಂದೇ ಅಲ್ಲ. ತಮ್ಮ ನಾಡನ್ನೇ ಅವರು 'ಬ್ಲೈಟಿ' ಎಂದು ಕರೆದರು. ಅದು ನಮ್ಮವರ ವಿಲಾಯತಿ, ಬಿಲಾಯತಿ. ಒಂದನೇ ಮಹಾಯುದ್ಧದ ಕಂದಕಗಳಲ್ಲಿ, ಸಾಯಿಸದೆ ಊರಿಗೆ ಕಳಿಸುವಷ್ಟು ಮಾತ್ರ ಆಗುವ ಗಾಯಕ್ಕೂ ಅದೇ ಹೆಸರಾಯಿತು. ಕಡಲಾಚೆಯಿಂದ ಬಂದದ್ದಕ್ಕೆ ಕನ್ನಡ ತನ್ನದೇ ಮಾತು ಹುಡುಕಿಕೊಂಡಿತು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಆದರೆ ಮನೆಯನ್ನು ನೆನೆದು ಸೀಮೆ ಎಂದು ಕೊರಗುವ ಅಗತ್ಯ ನಮಗೆ ಬೀಳಲಿಲ್ಲ. ಕೂಲಿಗೆ ಬಂದ ಬಡ ಹುಡುಗರು ತಮ್ಮ ಊರನ್ನು ಪರರ ಭಾಷೆಯ ಹೆಸರಿನಿಂದ ಕೂಗಿದರೆಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ, ಅವರು ನಮ್ಮನ್ನು ಆಳಲು ಬಂದವರ ಕಡೆಯವರಾದರೂ.

ಊರಿನ ಹೆಸರು ಕಾಯಿಲೆಯ ಹೆಸರಾಗುವುದು ನಮಗೂ ಹೊಸತಲ್ಲ. ಬೆಂಗಳೂರಿನಲ್ಲಿ 'ನಿಮ್ಹಾನ್ಸಿಗೆ ಸೇರಿಸ್ಬೇಕು ಇವ್ನನ್ನ' ಎನ್ನುವುದು ಮಾಮೂಲಿ ಮಾತು. ಉತ್ತರ ಕರ್ನಾಟಕದಲ್ಲಿ 'ಧಾರವಾಡಕ್ಕ ಕಳಿಸ್ಬೇಕು' ಅಂದರೆ ಪೇಡೆ ತರಿಸಲು ಅಂತ ಯಾರೂ ತಿಳಿಯುವುದಿಲ್ಲ. ಹಿಂದಿಯವರಿಗೆ ಆಗ್ರಾ, ರಾಂಚಿ. ಇವೆಲ್ಲ ಮನೋರೋಗಿಗಳನ್ನು ನೋಡಿಕೊಳ್ಳುವ ಆಸ್ಪತ್ರೆಗಳ ಊರುಗಳು, ಚೇತರಿಕೆಯ ಜಾಗಗಳು. ದೇವಳಾಲಿಗೆ ಈ ಹೆಸರು ಬಂದದ್ದು ಆಸ್ಪತ್ರೆಯಿಂದಲ್ಲ, ಹಡಗು ಬಾರದ ತಿಂಗಳುಗಳಿಂದ. ಹಾಗಿದ್ದೂ ತಪ್ಪು ಹೊತ್ತದ್ದು ಊರು. ಬೆಟ್ಟದ ಗಾಳಿಗೆ ಹೆಸರಾದ, ಮುಂಬಯಿಯವರು ಆರೋಗ್ಯ ಸುಧಾರಿಸಿಕೊಳ್ಳಲೆಂದೇ ಹೋಗುತ್ತಿದ್ದ ಊರದು. ಅಲ್ಲಿನ ಹವೆಯನ್ನೋ ನೀರನ್ನೋ ದೂರುವಂತಿಲ್ಲ. ಮನುಷ್ಯನನ್ನು ಒಂದು ಕಡೆ ಕೂಡಿಹಾಕಿ, ಯಾವಾಗ ಹೊರಡುತ್ತೀಯ ಎಂದು ಖಚಿತವಾಗಿ ಹೇಳದೆ ಬಿಟ್ಟರೆ ಯಾವ ಊರಾದರೂ ಡೂಲ್ಯಾಲಿಯೇ.

ಬಿಬಿಸಿ 1974ರಿಂದ 1981ರವರೆಗೆ ಪ್ರಸಾರ ಮಾಡಿದ 'ಇಟ್ ಏಂಟ್ ಹಾಫ್ ಹಾಟ್ ಮಮ್' ಹಾಸ್ಯ ಧಾರಾವಾಹಿಯ ಕಥೆ ಮೊದಲಿಗೆ ನಡೆಯುವುದು ಇದೇ ದೇವಳಾಲಿಯ ಶಿಬಿರದಲ್ಲಿ. ಕಂದು ಬಣ್ಣ ಬಳಿದುಕೊಂಡ ಬಿಳಿಯ ನಟ ಅದರಲ್ಲಿ ಭಾರತೀಯ ಸೇವಕನಾಗಿದ್ದ. ಆ ಹಾಸ್ಯವನ್ನು ಇಂದು ಬ್ರಿಟನ್ನಿನವರೇ ಮುಜುಗರದಿಂದ ನೋಡುತ್ತಾರೆ. ಇತ್ತ ದೇವಳಾಲಿಯಲ್ಲಿ ಈಗ ನಮ್ಮ ಸೇನೆಯ ಫಿರಂಗಿ ತರಬೇತಿ ಶಾಲೆ ನೆಲೆಯೂರಿದೆ. ಅಲ್ಲಿಗೆ ಬರುವ ಜವಾನನಿಗೆ ತರಬೇತಿಯ ವೇಳಾಪಟ್ಟಿ ಇದೆ, ರಜೆ ಮಂಜೂರಾದ ದಿನ ನಾಸಿಕ ರೋಡಿನಲ್ಲಿ ಊರಿನ ದಿಕ್ಕಿನ ರೈಲು ಹತ್ತುತ್ತಾನೆ.