ರಾಯಚೂರಿನಿಂದ ಮೊಸಳೆಗೆ, ಬ್ಯಾಟರಿಯ ಜೊತೆ

ಮೇ ತಿಂಗಳ ರಾಯಚೂರು. ನಾನು ತಂಗಿದ್ದ ಮನೆಯಲ್ಲಿ ಇನ್ವರ್ಟರ್ ಬ್ಯಾಟರಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿತ್ತು. ‘ಕರೆಂಟ್ ಹೋದ್ರ ಚಲೋ ನಡೀತೈತ್ರಿ, ಆದ್ರ ಬಾಳಿಕಿ ಬರಂಗಿಲ್ಲ’ ಅಂದರು ಮನೆಯವರು. ಎರಡೂ ನಿಜವೇ. ಬಿಸಿಯಲ್ಲಿ ಸೀಸ-ಆಮ್ಲದ ಬ್ಯಾಟರಿ ಚುರುಕಾಗುತ್ತದೆ. ಅದೇ ಚುರುಕಿನಲ್ಲಿ ಒಳಗಿನ ತಟ್ಟೆ ಸವೆಯುತ್ತದೆ, ನೀರು ಆರುತ್ತದೆ. 25 ಡಿಗ್ರಿ ದಾಟಿದ ಮೇಲೆ ಪ್ರತಿ 10 ಡಿಗ್ರಿಗೆ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಕಸುಬಿನವರ ಲೆಕ್ಕ.

ನನ್ನ ಎಲೆಕ್ಟ್ರಿಕ್ ಕಾರಿನದು ಲಿಥಿಯಂ. ರಾಯಚೂರಿನಿಂದ ಹೊರಟು ಹೊಸಪೇಟೆ ದಾಟಿ ಚಿತ್ರದುರ್ಗದಲ್ಲಿ ಫಾಸ್ಟ್ ಚಾರ್ಜಿಂಗಿಗೆ ಹಾಕಿದರೆ ಆಮೆಯ ನಡಿಗೆ. ಹೆದ್ದಾರಿಯಲ್ಲಿ ಓಡಿ ಕಾದ ಸೆಲ್ಲುಗಳನ್ನು ಉಳಿಸಲು ಕಾರೇ ಕರೆಂಟು ಕಡಿಮೆ ಎಳೆದುಕೊಳ್ಳುತ್ತಿತ್ತು. ಫ್ಯಾನು ಬುಸುಗುಡುತ್ತಿತ್ತು, ನಾನು ಎರಡನೇ ಮಜ್ಜಿಗೆ ಕುಡಿದೆ.

ಯೂಟ್ಯೂಬಿನಲ್ಲಿ ನೋಡಿದರೆ ಎಲ್ಲರಿಗೂ ಚಳಿಯದೇ ಭಯ. ಬೆಂಗಳೂರಿನಲ್ಲಿ ಚೇತನ್ ಮೈನಿ ಕಟ್ಟಿದ ರೇವಾ ಎಲೆಕ್ಟ್ರಿಕ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂತು, ಆಮೇಲೆ ಜಿ-ವಿಜ್ ಹೆಸರಿನಲ್ಲಿ ಲಂಡನ್ನಿಗೂ ಹೋಯಿತು. ಅದರ ಸೀಸದ ಬ್ಯಾಟರಿಗೆ ಅಲ್ಲಿಯ ಚಳಿಗಾಲ ಕಷ್ಟದ್ದೇ. ಆದರೆ ಚಳಿಗೆ ಕುಗ್ಗಿದ ಓಟ ಬೆಚ್ಚಗಾದರೆ ಮರಳುತ್ತದೆ. ಸೊನ್ನೆ ಡಿಗ್ರಿಯ ಕೆಳಗೆ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಿದರೆ ಮಾತ್ರ ಒಳಗೆ ಲೋಹ ಕಟ್ಟಿಕೊಂಡು ಕಾಯಂ ಹಾನಿ. ನಮ್ಮ ಸೀಮೆಗೆ ಆ ಯೋಚನೆ ಬೇಡ. ಪೂರ್ತಿ ಚಾರ್ಜ್ ಮಾಡಿ ಉರಿಬಿಸಿಲಿಗೆ ನಿಲ್ಲಿಸುತ್ತೇವಲ್ಲ, ನಮ್ಮ ಕೇಡು ಅದು.

ಅರಸೀಕೆರೆಯ ತೆಂಗಿನ ತೋಟಗಳು ಬರುವಷ್ಟರಲ್ಲಿ ಕಿಟಕಿ ಇಳಿಸಿದೆ. ಹಾಸನ ದಾಟಿ ಹೊಳೆನರಸೀಪುರದ ರಸ್ತೆ ಹಿಡಿದು ಮೊಸಳೆ ಎಂಬ ಊರು ಸೇರಿದೆ. ಸುಮಾರು 1200ರ ಹೊತ್ತಿನ ಹೊಯ್ಸಳರ ಜೋಡಿ ಗುಡಿ, ನಾಗೇಶ್ವರ ಮತ್ತು ಚೆನ್ನಕೇಶವ. ಅಕ್ಕಪಕ್ಕ ನಿಂತ ಅವಳಿಗಳ ಒಳಗೆ ಕಾಲಿಟ್ಟರೆ ಕಲ್ಲು ತಣ್ಣಗೆ.

ಇಂಥ ಊರಲ್ಲಿ ಬ್ಯಾಟರಿಗೆ ಸುಖ ಅಂದುಕೊಂಡು ಪರಿಚಯದ ಗೌಡರ ಮನೆಗೆ ಹೋದೆ. ಅವರ ಇನ್ವರ್ಟರ್ ಬ್ಯಾಟರಿ ಶೀಟಿನ ಮಾಡಿನ ಕೆಳಗೆ, ಬಚ್ಚಲೊಲೆಯ ಪಕ್ಕದಲ್ಲಿತ್ತು!

‘ಪಡಸಾಲೆಗೆ ತಂದಿಡಿ ಗೌಡ್ರೆ.’

‘ಆಸಿಡ್ ವಾಸ್ನೆ ಕಣಣ್ಣ, ನಮ್ಮಮ್ಮ ಒಪ್ಪಲ್ಲ.’

ಅಮ್ಮನ ಮಾತು ತೆಗೆದುಹಾಕುವಂಥದಲ್ಲ. ಚಾರ್ಜಾಗುವಾಗ ಹೈಡ್ರೋಜನ್ ಬಿಡುವ ಬ್ಯಾಟರಿಗೆ ಗಾಳಿಯಾಡುವ ಜಾಗವೇ ಬೇಕು. ಹಿತ್ತಲ ಜಗಲಿಯ ನೆರಳುಗೋಡೆ ಎಲ್ಲರಿಗೂ ಒಪ್ಪಿತು. ವೈರು ಉದ್ದವಾದರೆ ನಷ್ಟ, ಇನ್ವರ್ಟರನ್ನೂ ಜೊತೆಗೇ ಸರಿಸಬೇಕು ಎಂದೆ. ಗೌಡರು ಆಗಲೇ ಹೊಸಹಳ್ಳಿಯ ಎಲೆಕ್ಟ್ರಿಷಿಯನ್ನಿಗೆ ಫೋನು ಹಚ್ಚಿದ್ದರು.