ಇಪ್ಪತ್ತೆರಡನೇ ಕೊಕ್ಕೆ

ಬೆಳಿಗ್ಗೆ ಆರೂವರೆಗೆ ಮಹಡಿ ಮನೆಯ ಹುಡುಗ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಹಾಲು ಒಡೆದೋಯ್ತು ಅಂಕಲ್. ಫುಲ್ ಕ್ಯಾಚ್ ಟ್ವೆಂಟಿಟೂ ಸಿಚುಯೇಶನ್."

ಒಳಗಿನಿಂದ ಅಮ್ಮ, "ಇಪ್ಪತ್ತೆರಡು ಕ್ಯಾಚಾ? ಯಾರೋ ಹಿಡಿದದ್ದು?" ಅಂದರು.

ಹಾಲು ಕೊಟ್ಟು ಕಳಿಸಿದೆ. ಸಿಟ್ಟು ನನ್ನಲ್ಲೇ ಉಳಿಯಿತು. ಒಡೆದ ಹಾಲು ಒಡೆದ ಹಾಲು, ಅಷ್ಟೇ. ಅಂಗಡಿ ತೆರೆದಿದೆ, ಪಕ್ಕದಲ್ಲಿ ನಾವಿದ್ದೇವೆ, ನಿಂಬೆಹಣ್ಣು ಹಿಂಡಿದರೆ ಪನೀರೂ ಆದೀತು. ಇಷ್ಟು ದಾರಿಗಳಿರುವಲ್ಲಿ ಆ ಮಾತಿಗೇನು ಕೆಲಸ? 'ಅತ್ತ ದರಿ ಇತ್ತ ಪುಲಿ' ಕೂಡ ಅದಲ್ಲ. ಅಲ್ಲಿ ಯಾವ ಸಾವು ಬೇಕೆಂದು ಆರಿಸಿಕೊಳ್ಳುವ ಸವಲತ್ತಾದರೂ ಇದೆ. ಕ್ಯಾಚ್-22ರಲ್ಲಿ ಹೊರಬೀಳುವ ಬಾಗಿಲೇ ಒಳಕ್ಕೆ ದಬ್ಬುತ್ತದೆ.

ಜೋಸೆಫ್ ಹೆಲ್ಲರ್ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ 60 ಸಲ ಹಾರಿ ಬದುಕಿ ಬಂದವನು. 1961ರ ಅವನ ಕಾದಂಬರಿ 'ಕ್ಯಾಚ್-22'ರಲ್ಲಿ ಹುಚ್ಚು ಹಿಡಿದವನಿಗೆ ಹಾರಾಟದಿಂದ ಬಿಡುಗಡೆಯುಂಟು, ಸೇನೆಯ ಡಾಕ್ಟರನ್ನು ಬಾಯಿಬಿಟ್ಟು ಕೇಳಬೇಕು ಅಷ್ಟೇ. ಕೇಳಿದನೋ, ಸಾವಿಗೆ ಹೆದರುವಷ್ಟು ಬುದ್ಧಿ ನೆಟ್ಟಗಿದೆ ಎಂದಾಯಿತು, ಹತ್ತು ವಿಮಾನ! ಕ್ಯಾಚ್ ಅಂದರೆ ಕಚೇರಿಯಲ್ಲಿ ಅರ್ಜಿಗೆ ಹಾಕುತ್ತಾರಲ್ಲ, ಆ ಕೊಕ್ಕೆ.

ಅಮ್ಮನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಹುರುಳಿಕಾಯಿ ನಾರು ತೆಗೆಯುತ್ತಲೇ ಅಂದರು: "ಇಷ್ಟೇನಾ? ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ."

ಅಲ್ಲೂ ಹುಚ್ಚು, ಇಲ್ಲೂ ಹುಚ್ಚು! ಸೇನೆಯ ಡಾಕ್ಟರು ನಿಂತಿದ್ದ ಜಾಗದಲ್ಲಿ ಹೆಣ್ಣು ಕೊಡುವ ಮಾವ ನಿಂತಿದ್ದಾನೆ. ನಮ್ಮ ಗಾದೆಗೆ ಇಲ್ಲದಿರುವುದು ನಂಬರಿನ ಗತ್ತು ಮಾತ್ರ. ಆ 22 ಆದರೂ ಎಲ್ಲಿಂದ ಬಂತು? ಹೆಲ್ಲರ್ ಮೊದಲು ಇಟ್ಟುಕೊಂಡದ್ದು 18. 1961ರಲ್ಲೇ ಲಿಯಾನ್ ಯೂರಿಸನ ಕಾದಂಬರಿ 'ಮಿಲಾ 18' ಬರುತ್ತಿದೆಯೆಂದು 22 ಆಯಿತು. ಎದುರು ಅಂಗಡಿಯವನು ಅದೇ ಬೋರ್ಡು ಬರೆಸಿದ ಅಂತ ನಾವು ಹೆಸರು ಬದಲಿಸುವ ಹಾಗೆ.

ನಂಬರಿನ ಬೈಗುಳ ನಮ್ಮಲ್ಲೂ ಒಂದಿತ್ತಲ್ಲ, ಫೋರ್ ಟ್ವೆಂಟಿ! ದಂಡ ಸಂಹಿತೆಯ ಆ ವಂಚನೆ ಕಲಮು ಎಷ್ಟು ಚಂದ ನಾಲಿಗೆಗೆ ಒಗ್ಗಿತ್ತು. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಬಂದ ನ್ಯಾಯ ಸಂಹಿತೆಯಲ್ಲಿ ವಂಚನೆ 318ನೇ ಕಲಮಿಗೆ ಹೋಗಿ ಕೂತಿದೆ. ಮೋಸಗಾರರು ಇದ್ದಲ್ಲೇ ಇದ್ದಾರೆ. ಬಯ್ಯುವವರದೇ ವಿಳಾಸ ತಪ್ಪಿದೆ. "ಅವನೊಬ್ಬ ತ್ರೀ ಒನ್ ಏಯ್ಟ್" ಎಂದು ಗಟ್ಟಿಯಾಗಿ ಎರಡು ಸಲ ಅಂದು ನೋಡಿದೆ.

"ಅದು ಎಲ್ಲಿಗೆ ಹೋಗೋ ಬಸ್ಸೋ?" ಅಂದರು ಅಮ್ಮ.