ಗುಳಿಗಿ ಜೋಡಿ ಬಿಪಿನೂ ನೋಡಕೋಬೇಕು

ಅಕ್ಕಾರ, ತಂಗ್ಯಾರ, ಹಪ್ಪಳ, ಉಪ್ಪಿನಕಾಯಿ ಬ್ಯಾಡ ಅಂದ್ರ ನಿಮ್ಮಲ್ಲಿ ಕೆಲವರಿಗೆ ಬ್ಯಾಸರ ಆಗತೈತಿ. ಕಾರಣ ಏನಂತ ಇವತ್ತ ಬರದಬಿಡತೀನಿ.

ನಾ ಎಚ್‌ಐವಿ ಗುಳಿಗಿ ತಗೊಳಾಕ ಹತ್ತಿ ಹದಿನೈದು ವರ್ಷ ಆತು. ಮನಿಯವರಿಗೆಲ್ಲಾ ಗೊತ್ತಿದ್ದ ಮಾತ ಇದು. ನಮ್ಮ ದೇಶದಾಗ 2004ರಿಂದ ಸರ್ಕಾರ ಈ ಔಷಧ ಪುಕ್ಕಟೆ ಕೊಡತೈತಿ. ಈಗ ದಿನಕ್ಕ ಒಂದ ಗುಳಿಗಿ. ನನ್ನ ರಕ್ತದಾಗ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮಿ ಆಗೇತಿ. ನಮ್ಮಂಥವರೂ ಈಗ ಮುಪ್ಪಿನತನಕ ಬದುಕತೀವಿ. ಬದುಕಿದ ಮ್ಯಾಲ ರಕ್ತನಾಳದ ಚಿಂತಿ ಬಂತು.

ವೈರಸ್ ಅಡಗಿದ್ರೂ ಮೈಯಾಗ ಸಣ್ಣ ಉರಿಯೂತ ಉಳಿತೈತಿ, ಬೂದಿ ಮುಚ್ಚಿದ ಕೆಂಡದಂಗ. ಅದು ರಕ್ತನಾಳದ ಒಳಪದರ ಕೆಡಸತೈತಿ, ಅಲ್ಲಿ ಕೊಬ್ಬು ಕೂಡತೈತಿ. ಹಿಂಗಾಗಿ ಹೃದಯಾಘಾತ, ಲಕ್ವದ ಅಪಾಯ ನಮಗ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಹಳೇ ಗುಳಿಗಿ ಕೆಲವು ಕೊಲೆಸ್ಟರಾಲ್ ಏರಸತಿದ್ದುವು, ಹೊಸಾವು ಕೆಲವರಿಗೆ ತೂಕ ಏರಸತಾವು. ಹಂಗಂತ ಗುಳಿಗಿ ಬಿಡಬಾರದು. ಬಿಟ್ರ ವೈರಸ್ ಎದ್ದು ನಾಳಕ್ಕ ಇನ್ನೂ ಹೆಚ್ಚು ಹಾನಿ.

ಹಾದಿ ಇಲ್ಲಂತಲ್ಲ. ನಮ್ಮ ದೇಶನೂ ಸೇರಿ 12 ದೇಶದಾಗ, ಎಚ್‌ಐವಿ ಇದ್ದ 40ರಿಂದ 75 ವಯಸ್ಸಿನ 7,769 ಮಂದಿ ಮ್ಯಾಲ ಒಂದು ಅಧ್ಯಯನ ಆತು. ಅರ್ಧ ಮಂದಿಗೆ ದಿನಾ ಪಿಟಾವಾಸ್ಟಾಟಿನ್ ಅನ್ನೂ ಕೊಲೆಸ್ಟರಾಲ್ ಗುಳಿಗಿ ಕೊಟ್ಟರು. ಅವರಾಗ ಹೃದಯಾಘಾತ, ಲಕ್ವದಂಥಾ ದೊಡ್ಡ ತೊಂದರಿ 35% ಕಡಿಮಿ ಆದುವು ಅಂತ 2023ರಾಗ ತಿಳೀತು. ನನಗ 46 ವರ್ಷ. ನಾನೂ ನಮ್ಮ ಡಾಕ್ಟರನ್ನ ಕೇಳೀನಿ. ಬಿಪಿ, ಸಕ್ಕರಿ, ಕೊಲೆಸ್ಟರಾಲ್ ನೋಡಸತೀನಿ. ಉಪ್ಪು ದಿನಕ್ಕ ಒಂದು ಸಣ್ಣ ಚಮಚದ ಒಳಗ, ಸಂಜೀಕ ಅರ್ಧ ತಾಸು ನಡಗಿ. ಎಲಿ-ಅಡಿಕಿಯೊಳಗಿನ ತಂಬಾಕು ಪೂರಾ ಬಿಟ್ಟೀನಿ.

ಇನ್ನೊಂದು ಮಾತು, ಇದ ಮುಖ್ಯ. ಬಹಳ ಹೆಣ್ಣಮಕ್ಕಳು ಎಚ್‌ಐವಿ ಗುಳಿಗಿ ಸುದ್ದಿ ಬಿಪಿ ಡಾಕ್ಟರ್ ಮುಂದ ಮುಚ್ಚಿಡತಾರ. ಊರ ಬಾಯಿಗೆ ಅಂಜತಾರ, ಅವರದೂ ತಪ್ಪಲ್ಲ. ಆದ್ರ ರಿಟೊನಾವಿರ್ ಇರೂ ಔಷಧದ ಜೋಡಿ ಸಿಮ್ವಾಸ್ಟಾಟಿನ್ ಕೂಡಿದ್ರ ಮೈಯಾಗಿನ ಸ್ನಾಯುನ ಕರಗಿ ಕಿಡ್ನಿಗೆ ಪೆಟ್ಟು ಬೀಳಬಹುದು. ಡಾಕ್ಟರಗ ಗೊತ್ತಿದ್ರ ಬ್ಯಾರೆ ಗುಳಿಗಿ ಬರೀತಾರ. ನಮ್ಮ ಒಪ್ಪಿಗಿ ಇಲ್ದ ಆ ಸುದ್ದಿ ಯಾರ ಮುಂದೂ ಹೇಳಬಾರದು ಅಂತ 2017ರ ಕಾಯ್ದೆನ ಐತಿ.

ಓಣ್ಯಾಗ, ಬಳಗದಾಗ ಯಾರರ ಗುಟ್ಟಾಗಿ ಗುಳಿಗಿ ನುಂಗತಿದ್ರ, ಗುಳಿಗಿ ಡಬ್ಬಿ ಚೀಲದಾಗ ಹಾಕ್ಕೊಂಡು ಹೋಗಿ ಡಾಕ್ಟರಗ ತೋರಸ್ರಿ. ಒಬ್ಬಾಕಿನ ಹೋಗಾಕ ಅಂಜಿಕಿ ಆದ್ರ ನನಗ ಹೇಳ್ರಿ, ಜೋಡಿ ಬರತೀನಿ.